ಪಾತಾಳ, ಅಧೋಲೋಕ, ನರಕ

ಪರೇಲಿನ ಕನ್ನಡ ಕ್ರೈಸ್ತ ಓದುಗನಿಗೆ ಮರಾಠಿ ಬೈಬಲೂ ಕೈಗೆಟುಕುವಂಥದು. ಬೈಬಲ್ ಸೊಸೈಟಿಯ ಹಳೆಯ ಅನುವಾದಗಳಲ್ಲಿ, ಲೂಕನ 16ನೆಯ ಅಧ್ಯಾಯದ ಐಶ್ವರ್ಯವಂತನು ಯಾತನೆಪಡುವ ಸ್ಥಳ ಕನ್ನಡಕ್ಕೆ ‘ಪಾತಾಳ’, ಮರಾಠಿಗೆ ‘ಅಧೋಲೋಕ’. ಮೂಲದ ‘ಹೇಡಿಸ್’ ಸತ್ತವರ ನೆಲೆ. ‘ಗೆಹೆನ್ನಾ’ ಬಂದಲ್ಲಿ ಎರಡೂ ‘ನರಕ’ ಎನ್ನುತ್ತವೆ. ಈ ವಿವೇಚನೆ ಮೆಚ್ಚತಕ್ಕದ್ದೇ. ತೊಡಕಿರುವುದು ‘ನರಕ’ದಲ್ಲಿ. ನಾವು ಬಲ್ಲ ಜೈನಕಾವ್ಯಗಳ ನರಕಕ್ಕೆ ಆಯುಷ್ಯದ ಮಿತಿಯುಂಟು. ಅದು ತೀರಿದರೆ ಜೀವ ಹೊರಡುತ್ತದೆ. ಅಲ್ಲಿ ಕ್ಷಮಿಸುವವನೇ ಇಲ್ಲ! ಲೂಕನಲ್ಲಿ ಕ್ಷಮಿಸುವ ದೇವರಿದ್ದಾನೆ, ದಾಟಲಾಗದ ಕಂದಕವೂ ಇದೆ. ಸಹೋದರರನ್ನು ಎಚ್ಚರಿಸಲು ಲಾಜರನನ್ನು ಕಳುಹಿಸೆಂದು ಬೇಡಿದವನಿಗೆ ಮೋಶೆಯೂ ಪ್ರವಾದಿಗಳೂ ಸಾಕೆಂಬುದೇ ಅಬ್ರಹಾಮನ ಉತ್ತರ. ಶಾಸ್ತ್ರಪ್ರಾಮಾಣ್ಯದ ಈ ನಿಷ್ಠುರ ವಚನವನ್ನು ಅನುವಾದದಲ್ಲೇ ಕೇಳಬೇಕಾದ ಕನ್ನಡಿಗನಿಗೆ, ‘ನರಕ’ ಶಬ್ದದ ಹಳೆಯ ಮಿತಿಯು ಬಿಡುಗಡೆಯ ಆಸೆಯೊಂದನ್ನು ಉಳಿಸಿಕೊಟ್ಟಿತೇ ಎಂಬುದು ನಮ್ಮ ಶಂಕೆ.