ಯಾರಿಗೆ ಬಾಯಿ ಉಂಟು? – ಈ ಮಳೆಗಾಲ ಓದಿದ ಮೂರು ಪುಸ್ತಕಗಳು

ಇತ್ತೀಚೆಗೆ ಓದಿದ್ದರಲ್ಲಿ ಊರಿನ ನಾಲ್ಕು ಜನ ಓದಬೇಕಾದ್ದು ಯಾವುದು, ಯಾಕೆ ಓದಬೇಕು, ಅದನ್ನು ಬರೆದು ಕೊಡಿ ಎಂದು ವಾಚನಾಲಯದವರು ಕೇಳಿದ್ದಾರೆ. ಏಳನೇ ಕ್ಲಾಸಿಗೆ ಶಾಲೆ ಮುಗಿಸಿದ ನನಗೆ ವಿಮರ್ಶೆಯ ಶಾಸ್ತ್ರ ಗೊತ್ತಿಲ್ಲ. ಆದರೆ ನೇಜಿ ನೆಡುವಾಗ ಪಾಡ್ದನ ಹೇಳಿ ಹೇಳಿ ನನ್ನ ಹತ್ತಿರ ಎರಡು ಅಳತೆ ಉಂಟು. ಪಾಡ್ದನ ಒಬ್ಬಳು ಹೇಳಬೇಕು, ಉಳಿದವರು ಎತ್ತಿಕೊಳ್ಳಬೇಕು. ಎತ್ತಿಕೊಳ್ಳಲಿಕ್ಕೆ ಆಗದ ಮಾತು ಎಷ್ಟು ಚಂದ ಇದ್ದರೂ ಗದ್ದೆಯಲ್ಲಿ ನಿಲ್ಲುವುದಿಲ್ಲ. ಪುಸ್ತಕಕ್ಕೂ ಅದು ಮೊದಲನೆಯ ಅಳತೆ. ಮುಚ್ಚಿಟ್ಟ ಮೇಲೆ ಇದನ್ನು ಇನ್ನೊಬ್ಬರಿಗೆ ಹೇಳದೆ ಇರಲಿಕ್ಕೆ ಆಗುವುದಿಲ್ಲ ಎಂದು ಅನಿಸಬೇಕು. ಎರಡನೆಯದು, ಕತೆಯಲ್ಲಿ ಯಾರಿಗೆ ಬಾಯಿ ಉಂಟು, ಯಾರಿಗೆ ಇಲ್ಲ ಎಂದು ನೋಡುವುದು.

ಈ ಎರಡು ಅಳತೆ ಹಿಡಿದು ಮೂರು ಕಾದಂಬರಿಗಳ ವಿಷಯ ಹೇಳುತ್ತೇನೆ. ಮೂರೂ ನಮ್ಮ ಮಣ್ಣಿನವು. ಒಂದು ಹಳೆಯದು, ಒಂದು ನಡು ಪ್ರಾಯದ್ದು, ಒಂದು ಈಚಿನದು.

ಮೊದಲನೆಯದು ಶಿವರಾಮ ಕಾರಂತರ ‘ಚೋಮನ ದುಡಿ’. 1933ರ ಪುಸ್ತಕ. ಆಗ ನಮ್ಮ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಹಾಗಾಗಿ ಅದು ಆಚೆ ರಾಜ್ಯದ ಕತೆ ಅಲ್ಲ, ನಮ್ಮ ಜಿಲ್ಲೆಯದೇ ಕತೆ. “ಅದರಲ್ಲಿ ಹೊಸತೇನು, ಸಿನೆಮಾ ನೋಡಿದ್ದೇವಲ್ಲ” ಎಂದು ಕೆಲವರು ಹೇಳುತ್ತಾರೆ. ಬಿ.ವಿ. ಕಾರಂತರ ಸಿನೆಮಾ 1975ರಲ್ಲಿ ಬಂತು, ದೊಡ್ಡ ಪ್ರಶಸ್ತಿಯೂ ಬಂತು, ವಾಸುದೇವ ರಾಯರು ಚೋಮನೇ ಆಗಿಬಿಟ್ಟರು. ಸರಿ. ಆದರೆ ಸಿನೆಮಾದಲ್ಲಿ ದುಡಿ ಕೇಳುತ್ತದೆ, ಪುಸ್ತಕದಲ್ಲಿ ದುಡಿಯನ್ನು ನಾವೇ ಕೇಳಿಸಿಕೊಳ್ಳಬೇಕು. ಗಟ್ಟಿಯಾಗಿ ಓದಿ ನೋಡಿ. ಚೋಮನಿಗೆ ಸಿಟ್ಟು ಬಂದಾಗ, ದುಃಖ ಬಂದಾಗ ಕಾರಂತರು ಅವನ ಬಾಯಿಗೆ ಉದ್ದ ಮಾತು ಕೊಡುವುದಿಲ್ಲ, ಕೈಗೆ ದುಡಿ ಕೊಡುತ್ತಾರೆ. ಮಾತಾಡಲಿಕ್ಕೆ ಹಕ್ಕಿಲ್ಲದವನು ಬಡಿಯುತ್ತಾನೆ. ಇದು ಬರೆದವರ ಕೌಶಲ ಎನ್ನುವುದಕ್ಕಿಂತ ಅವರು ಕಂಡ ಸತ್ಯ ಎಂದು ನನಗೆ ಕಾಣುತ್ತದೆ.

ಚೋಮನಿಗೆ ಇದ್ದದ್ದು ಒಂದೇ ಆಸೆ: ಒಂದು ತುಂಡು ಗದ್ದೆ ತಾನೇ ಉಳಬೇಕು. ಎತ್ತು ಉಂಟು, ಮೈಯಲ್ಲಿ ಬಲ ಉಂಟು. ಆದರೆ ಅವನ ಜಾತಿಯವರು ಬೇಸಾಯ ಮಾಡುವ ಕ್ರಮ ಇಲ್ಲ. ಹೊಳೆಯಲ್ಲಿ ಮುಳುಗುವ ಅವನ ಮಗುವನ್ನು ಮುಟ್ಟಬಾರದು ಎಂದು ದಡದಲ್ಲಿ ಜನ ನಿಂತೇ ಇರುತ್ತಾರೆ. ಅಷ್ಟು ಓದಿ ಪುಸ್ತಕ ಕೆಳಗೆ ಇಟ್ಟು ಹೊರಗೆ ಹೋಗಿ ಕೂತವರನ್ನು ನಾನು ಬಲ್ಲೆ.

“ಈಗ ಕಾಲ ಬದಲಾಗಿದೆ, ನಮ್ಮ ಕೇರಳದಲ್ಲಿ ಭೂಮಿ ಉಳುವವನಿಗೇ ಆಗಿದೆ” ಎನ್ನುವವರಿಗೆ ಒಂದು ಮಾತು. 1970ರ ಜನವರಿ 1ರಿಂದ ಗೇಣಿ ಹೋಯಿತು, ನಿಜ. ಚೀಟು ಇದ್ದ ಗೇಣಿದಾರ ಒಡೆಯನಾದ. ಅದು ಸಣ್ಣ ವಿಷಯ ಅಲ್ಲ, ಎಷ್ಟೋ ಮನೆಗಳಿಗೆ ಅದರಿಂದ ಬೆನ್ನು ನೆಟ್ಟಗಾಯಿತು. ಆದರೆ ಚೋಮನಂಥವನ ಹೆಸರಿಗೆ ಗೇಣಿಚೀಟು ಎಲ್ಲಿತ್ತು? ಇನ್ನೊಬ್ಬರ ಜಾಗದಲ್ಲಿ ಗುಡಿಸಲು ಕಟ್ಟಿ ಕೂಲಿ ಮಾಡಿದವನಿಗೆ ಪಂಚಾಯತ್ ಪ್ರದೇಶದಲ್ಲಿ ಕಾನೂನು ಕೊಟ್ಟದ್ದು ಗುಡಿಸಲಿನ ಸುತ್ತ 10 ಸೆಂಟ್ಸು. ತಲೆಯ ಮೇಲೆ ಸೂರು ಗಟ್ಟಿಯಾಯಿತು, ಯಾರೂ ಒಕ್ಕಲೆಬ್ಬಿಸುವ ಹಾಗಿಲ್ಲ. ಆದರೆ 10 ಸೆಂಟ್ಸಿನಲ್ಲಿ ಮನೆ ಕಟ್ಟಿ, ಬಾವಿ ತೋಡಿ, ಎರಡು ಎತ್ತು ಕಟ್ಟಿದರೆ ಉಳುವುದೆಲ್ಲಿ? ಚೋಮ ಕೇಳಿದ್ದು ಸೂರಲ್ಲ, ಗದ್ದೆ. ಅವನ ಪ್ರಶ್ನೆಗೆ ನಾವು ಅರ್ಧ ಉತ್ತರ ಕೊಟ್ಟಿದ್ದೇವೆ. ಅದಕ್ಕೇ ಪುಸ್ತಕ ಹಳತಾಗಲಿಲ್ಲ.

ಕೊರತೆಯೂ ಹೇಳಬೇಕು. ಚೋಮನ ಮಗಳು ಬೆಳ್ಳಿ. ಮನೆ ನಡೆಸುವವಳು ಅವಳು, ಅಪ್ಪನ ಸಾಲ ತೀರಿಸಲಿಕ್ಕೆ ಕಾಫಿ ತೋಟಕ್ಕೆ ಹೋಗುವವಳೂ ಅವಳೇ. ಅವಳಿಗೆ ಏನಾಯಿತು ಎಂದು ಪುಸ್ತಕ ಹೇಳುತ್ತದೆ, ಅದರಿಂದ ಚೋಮನಿಗೆ ಎಷ್ಟು ನೋವಾಯಿತು ಎಂದೂ ಹೇಳುತ್ತದೆ. ಬೆಳ್ಳಿಗೆ ಏನು ಅನಿಸಿತು ಎಂಬುದು ಬೇಕಾದಷ್ಟು ಬರಲಿಲ್ಲ. ಅಪ್ಪನಿಗೆ ದುಡಿಯಾದರೂ ಇತ್ತು, ಮಗಳ ಕೈಯಲ್ಲಿ ಏನಿತ್ತು? ಮಾಸ್ಟ್ರುಗಳಲ್ಲಿ ಒಂದು ವಿನಂತಿ. ಮಕ್ಕಳಿಗೆ ಈ ಪುಸ್ತಕ ಓದಿಸಿದರೆ ಚೋಮನ ಗುಣಸ್ವಭಾವ ಬರೆಯಿರಿ ಎಂದು ಮಾತ್ರ ಕೇಳಬೇಡಿ. ಬೆಳ್ಳಿ ತನ್ನ ಕತೆ ತಾನೇ ಹೇಳಿದ್ದರೆ ಹೇಗೆ ಹೇಳುತ್ತಿದ್ದಳು ಎಂದೂ ಕೇಳಿ. ಇನ್ನೊಂದು, ಪುಸ್ತಕದಲ್ಲಿ ಆ ಕಾಲದ ಜಾತಿಯ ಮಾತುಗಳು ಹಾಗೆಯೇ ಉಂಟು. ಕ್ಲಾಸಿನಲ್ಲಿ ಓದುವಾಗ ಆ ಮಾತು ತಾಗುವ ಮನೆಯ ಮಗುವೂ ಬೆಂಚಿನಲ್ಲಿ ಕೂತಿರುತ್ತದೆ. ಅದನ್ನು ನೆನಪಿನಲ್ಲಿಟ್ಟು, ಮೊದಲೇ ವಿವರಿಸಿ ಓದಬೇಕು.

ಎರಡನೆಯದು ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’. ಸಾರಾ ನಮ್ಮ ಕಾಸರಗೋಡಿನವರು. 1936ರಲ್ಲಿ ಹುಟ್ಟಿ, ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸುವುದೇ ಅಪರೂಪವಾಗಿದ್ದ ಕಾಲದಲ್ಲಿ ಇಲ್ಲಿಯ ಕನ್ನಡ ಶಾಲೆಯಲ್ಲಿ ಓದಿದವರು. 2023ರ ಜನವರಿಯಲ್ಲಿ ತೀರಿಕೊಂಡರು. ಈ ಕಾದಂಬರಿ 1980ರ ದಶಕದ ಆರಂಭದಲ್ಲಿ ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂತು. ನಮ್ಮ ಪಯಸ್ವಿನಿಯೇ ಕೆಳಗೆ ಹೋಗಿ ಚಂದ್ರಗಿರಿ ಆಗುವುದು. ಅದೇ ನೀರಿನ ಕತೆ ಎಂದು ತಿಳಿಯಿರಿ.

ನಾದಿರಾ ಎಂಬ ಹುಡುಗಿ, ಅವಳ ಗಂಡ ರಶೀದ್. ಇಬ್ಬರ ನಡುವೆ ಜಗಳ ಇಲ್ಲ. ಜಗಳ ಇರುವುದು ಅಪ್ಪನಿಗೂ ಅಳಿಯನಿಗೂ. ಅಪ್ಪನ ಹಠಕ್ಕೆ ಮಗಳ ಸಂಸಾರ ಮುರಿಯುತ್ತದೆ. ಮತ್ತೆ ಅದೇ ಗಂಡನ ಹತ್ತಿರ ಹೋಗಬೇಕಾದರೆ ಒಂದು ರಾತ್ರಿಗೆ ಇನ್ನೊಬ್ಬನ ಹೆಂಡತಿಯಾಗಬೇಕು ಎಂಬ ಕಟ್ಟಳೆ ಅವಳ ಮುಂದೆ ಬರುತ್ತದೆ. ಮುಂದಿನದನ್ನು ನಾನು ಹೇಳುವುದಿಲ್ಲ, ಓದದವರು ಓದಲಿ. ಸಾರಾ ಅವರ ವಾಕ್ಯಗಳು ಸಣ್ಣವು, ಬಾವಿಕಟ್ಟೆಯಲ್ಲಿ ನಿಂತು ಒಬ್ಬಳು ಇನ್ನೊಬ್ಬಳಿಗೆ ಹೇಳಿದ ಹಾಗೆ. ಗಟ್ಟಿಯಾಗಿ ಓದಿದರೆ ಎಲ್ಲಿಯೂ ನಾಲಿಗೆ ಎಡವುವುದಿಲ್ಲ. ನಾದಿರಾಳ ಬದುಕಿನ ಎಲ್ಲ ಮಾತನ್ನೂ ಬೇರೆಯವರೇ ಆಡುತ್ತಾರೆ: ಮದುವೆಯ ಮಾತು ಅಪ್ಪನದು, ಬಿಡುಗಡೆಯ ಮಾತು ಗಂಡನದು, ಕಟ್ಟಳೆಯ ಮಾತು ಹಿರಿಯರದು. ಇದನ್ನು ಸಾರಾ ಕಿರುಚದೆ ತೋರಿಸುತ್ತಾರೆ. ಒಂದೇ ಉಸಿರಿನ ಮೂರು ತಲಾಖ್ ಸಿಂಧುವಲ್ಲ ಎಂದು ಸುಪ್ರೀಂ ಕೋರ್ಟು ಹೇಳಿದ್ದು 2017ರಲ್ಲಿ. ಅದಕ್ಕಿಂತ 30 ವರ್ಷಕ್ಕೂ ಮೊದಲೇ ಕಾಸರಗೋಡಿನ ಹೆಂಗಸೊಬ್ಬರು ಬಿಡುಗಡೆಯ ನೋವನ್ನು ಕನ್ನಡದಲ್ಲಿ ಬರೆದಿದ್ದರು.

ಈ ಪುಸ್ತಕದ ಬಗ್ಗೆ ನಮ್ಮಲ್ಲಿ ಎರಡು ತರದ ಓದು ಉಂಟು, ಎರಡೂ ನನಗೆ ಒಪ್ಪಿಗೆ ಇಲ್ಲ. ಒಂದು, “ಮನೆಯ ಒಳಗಿನದನ್ನು ಬೀದಿಗೆ ಹಾಕಿದರು” ಎಂಬ ಸಿಟ್ಟಿನ ಓದು. ಇನ್ನೊಂದು ಅದಕ್ಕಿಂತ ಕೆಟ್ಟದು, “ನೋಡಿ, ಅವರಲ್ಲಿ ಹೀಗೆ” ಎಂದು ಪಕ್ಕದ ಮನೆಗೆ ಬೆರಳು ತೋರಿಸುವ ಓದು. ಸಾರಾ ಬರೆದದ್ದು ತನ್ನ ಮನೆಯ ಹೆಣ್ಣುಮಕ್ಕಳ ಮೇಲಿನ ಪ್ರೀತಿಯಿಂದ. ಆ ಪ್ರೀತಿ ಇಲ್ಲದವನು ಅದನ್ನು ಓದಿ ಕೋಲು ಮಾಡಿಕೊಂಡರೆ ತಪ್ಪು ಕೋಲಿನದಲ್ಲ.

ಬೆರಳು ತೋರಿಸುವವರು ಮೊದಲು ನಮ್ಮ ಸಿರಿಯ ಪಾಡ್ದನ ಕೇಳಲಿ. ಬಸುರಿಯ ಬಯಕೆಗೆ ತಂದ ಸೀರೆಯನ್ನು ಗಂಡ ಕಾಂತು ಪೂಂಜ ಸೂಳೆಯ ಮನೆಗೆ ಒಯ್ದು, ಅವಳು ಉಟ್ಟದ್ದನ್ನೇ ಸಿರಿಗೆ ತಂದು ಕೊಟ್ಟ. ಸಿರಿ ಆ ಸೀರೆ ಉಡಲಿಲ್ಲ. ಮುಂದೆ ಅವನನ್ನು ಬಿಟ್ಟಳು, ಇನ್ನೊಬ್ಬನನ್ನು ಕೈ ಹಿಡಿದಳು. ನೂರಾರು ವರ್ಷದಿಂದ ನಾವು ಅವಳನ್ನು ದೈವ ಎಂದು ನಂಬಿ ಹಾಡುತ್ತೇವೆ. ಆದರೆ ಗಂಡನನ್ನು ಬಿಟ್ಟು ತವರಿಗೆ ಬಂದ ಹುಡುಗಿಗೆ ಇಂದು ನಾವು ಏನು ಹೇಳುತ್ತೇವೆ? “ಹೊಂದಿಕೊಂಡು ಹೋಗು” ಎಂದೇ ಅಲ್ಲವಾ? ಹಾಡಿನಲ್ಲಿ ಸಿರಿಗೆ ಬಾಯಿ ಕೊಟ್ಟು, ಜಗಲಿಯಲ್ಲಿ ಮಗಳ ಬಾಯಿ ಮುಚ್ಚಿಸುವ ನಮಗೆ ನಾದಿರಾಳ ಅಪ್ಪನನ್ನು ಬೈಯುವ ಅಧಿಕಾರ ಎಷ್ಟು? ಸಿರಿಯನ್ನೂ ನಾದಿರಾಳನ್ನೂ ಒಟ್ಟಿಗೆ ಇಟ್ಟು ಓದಿದರೆ ಪುಸ್ತಕ ಇನ್ನೂ ದೊಡ್ಡದಾಗುತ್ತದೆ.

ಸಿರಿಯ ಮಾತು ಬಂದದ್ದಕ್ಕೆ ಒಂದು ಸಂಗತಿ. ಉಜಿರೆ ಕಡೆಯ ಮಾಚಾರಿನ ಗೋಪಾಲ ನಾಯ್ಕರು ಎಂಬ ಬೇಸಾಯಗಾರ ಹಾಡಿದ ಸಿರಿಯನ್ನು ಫಿನ್‌ಲ್ಯಾಂಡಿನ ಲೌರಿ ಹಾಂಕೊ ಎಂಬ ವಿದ್ವಾಂಸರು ನಮ್ಮ ವಿವೇಕ ರೈ, ಚಿನ್ನಪ್ಪ ಗೌಡರ ಜೊತೆ ಸೇರಿ 1990ರಲ್ಲಿ ರೆಕಾರ್ಡು ಮಾಡಿದರು. 15,683 ಸಾಲು! 1998ರಲ್ಲಿ ಅಲ್ಲಿ ಪುಸ್ತಕವಾಗಿ ಬಂತು, ತುಳು ಸಾಲುಗಳು ಇಂಗ್ಲಿಷ್ ಅಕ್ಷರದಲ್ಲಿ, ಅರ್ಥ ಇಂಗ್ಲಿಷಿನಲ್ಲಿ. ಲೋಕಕ್ಕೆ ನಮ್ಮ ಹಾಡು ಮುಟ್ಟಿತು, ಸಂತೋಷ. ಆದರೆ ಹಾಡುವ ನಾನು ಓದಲಾಗದ ಅಕ್ಷರದಲ್ಲಿ ನನ್ನ ಹಾಡು ಕೂತಿದೆ. ಕನ್ನಡ ಲಿಪಿಯಲ್ಲಿ ಬಂದ ಪಾಡ್ದನ ಸಂಗ್ರಹಗಳನ್ನಾದರೂ ವಾಚನಾಲಯದ ಕಪಾಟಿನಲ್ಲಿ ಮುಂದೆ ಇಡಬೇಕು.

ಮೂರನೆಯದು ಅಂಬಿಕಾಸುತನ್ ಮಾಂಗಾಡ್ ಅವರ ಮಲಯಾಳ ಕಾದಂಬರಿ ‘ಎಣ್ಮಕಜೆ’, 2009ರದ್ದು. ನಾನು ಮಲಯಾಳದಲ್ಲೇ ಓದಿದೆ. ಬಸ್ಸಿನ ಬೋರ್ಡು, ರೇಷನ್ ಕಾರ್ಡು ಓದಿ ಕಲಿತ ಮಲಯಾಳ ನನ್ನದು, ಹಾಗಾಗಿ ಒಂದೂವರೆ ತಿಂಗಳು ಹಿಡಿಯಿತು. ವಿಷಯ ಎಂಡೋಸಲ್ಫಾನ್. ನಾಲ್ಕು ಸಾವಿರ ಹೆಕ್ಟೇರಿಗೂ ಮಿಕ್ಕಿದ ಗೇರು ತೋಟಗಳ ಮೇಲೆ 2000ದವರೆಗೆ 20 ವರ್ಷಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ವಿಷ ಸುರಿದದ್ದು ನಿಮಗೆ ನಾನು ಹೇಳಬೇಕಾಗಿಲ್ಲ. ಪೀಡಿತ 11 ಪಂಚಾಯತ್‌ಗಳ ಪಟ್ಟಿಯಲ್ಲಿ ನಮ್ಮ ಕಾರಡ್ಕವೂ ಉಂಟು. ತೋಡಿನ ಮೀನು, ಜೇನುನೊಣ, ಸುರಂಗದ ನೀರು, ತೊಟ್ಟಿಲ ಮಗು, ಯಾವುದನ್ನೂ ಅದು ಬಿಡಲಿಲ್ಲ.

ಕಾದಂಬರಿಯಲ್ಲಿ ನೀಲಕಂಠನ್, ದೇವಯಾನಿ ಎಂಬ ಇಬ್ಬರು ಊರು ಬಿಟ್ಟು ಜಟಾಧಾರಿ ಗುಡ್ಡದಲ್ಲಿ ಇರುತ್ತಾರೆ. ಮನುಷ್ಯರ ಸಹವಾಸ ಬೇಡ ಎಂದು ಬಂದವರ ಕೈಗೆ ರೋಗದ ಒಂದು ಮಗು ಬರುತ್ತದೆ. ಮಗುವನ್ನು ಎತ್ತಿಕೊಂಡವರಿಗೆ ಊರನ್ನು ಬಿಡಲು ಆಗುವುದಿಲ್ಲ, ಕಾರಣ ಹುಡುಕಿ ಕೆಳಗೆ ಇಳಿಯಲೇಬೇಕು. ಇಲ್ಲಿ ಗುಹೆಯೂ ಮಾತಾಡುತ್ತದೆ. ಪಾಡ್ದನ ಕೇಳಿದವರಿಗೆ ಇದು ಆಶ್ಚರ್ಯ ಅಲ್ಲ, ನಮ್ಮ ಹಾಡಿನಲ್ಲಿ ಹೊಳೆ, ಹಕ್ಕಿ ಎಲ್ಲ ಮಾತಾಡುತ್ತವೆ. ನನಗೆ ಕಂಡದ್ದು ಇಷ್ಟು: ಮಗುವಿಗೆ ಬಾಯಿ ಇಲ್ಲದ ಕಾರಣ ಬರೆದವರು ಕಲ್ಲಿಗೆ ಬಾಯಿ ಕೊಟ್ಟಿದ್ದಾರೆ.

ದೋಷ ಎಂದರೆ, ನಡುವಿನಿಂದ ಆಚೆ ಕಾದಂಬರಿ ಪೇಪರಿನ ವರದಿಯ ಹಾಗೆ ಆಗುತ್ತದೆ. ಸಭೆ, ಭಾಷಣ, ವಿಷದ ಲೆಕ್ಕ. ಪಾತ್ರಗಳು ತಮ್ಮ ಮಾತು ಬಿಟ್ಟು ಲೇಖಕರ ಮಾತು ಆಡಲಿಕ್ಕೆ ಸುರು ಮಾಡುತ್ತವೆ. ಗಟ್ಟಿಯಾಗಿ ಓದುವಾಗ ಅಲ್ಲಿ ದನಿ ಕಟ್ಟುತ್ತದೆ. ಆದರೂ ಬಿಡಬೇಡಿ. ಲೆಕ್ಕ ಬರೆದಿಡದೆ ಇದ್ದರೆ ಮುಂದಿನ ತಲೆಗೆ ಅದು ಬರೀ ಭೂತದ ಕತೆ ಆದೀತು. ಗುಡ್ಡದ ಶಾಪ ಎಂದು ನಂಬಿದವರು ಆಗಲೂ ಇದ್ದರು. ಶಾಪ ಅಲ್ಲ, ವಿಷ ಎಂದು ಹೇಳಲಿಕ್ಕೆ ಲೆಕ್ಕವೇ ಬೇಕು.

ಮೂರನ್ನೂ ಒಟ್ಟಿಗೆ ನೋಡುವಾಗ ನನಗೆ ಒಂದು ವಿಷಯ ಹೊಳೆಯಿತು. ಚೋಮನಂಥವನು ಮನೆಯಲ್ಲಿ ಆಡುವುದು ತುಳು, ಪುಸ್ತಕದಲ್ಲಿ ಅವನು ಕನ್ನಡ ಆಡುತ್ತಾನೆ. ನಾದಿರಾಳ ಮನೆಮಾತು ಕನ್ನಡ ಅಲ್ಲ, ಅವಳ ದುಃಖ ಕನ್ನಡದಲ್ಲಿ ಬಂತು. ಎಣ್ಮಕಜೆಯಲ್ಲಿ ತುಳು, ಕನ್ನಡ ಆಡುವ ಜನ ಹೆಚ್ಚು, ಅವರ ಸಂಕಟ ಮಲಯಾಳದಲ್ಲಿ ಬಂತು. ನಮ್ಮ ಊರಿನಲ್ಲಿ ಯಾವ ನೋವೂ ಒಂದೇ ಭಾಷೆಯಲ್ಲಿ ನಿಲ್ಲುವುದಿಲ್ಲ. ಕನ್ನಡ ಓದಿದವರಿಗೆ ಎರಡು ಪುಸ್ತಕ ಸಿಗುತ್ತದೆ, ಎರಡೂ ಲಿಪಿ ಕಲಿತವರಿಗೆ ಮೂರೂ ಸಿಗುತ್ತದೆ. ಎರಡೂ ಬಿಟ್ಟು ಬರೀ ಇಂಗ್ಲಿಷ್ ಕಲಿತ ಮಗುವಿಗೆ ಮನೆಯ ಅಜ್ಜಿಯ ಕತೆಯೂ ಅನುವಾದದಲ್ಲೇ ಸಿಗಬೇಕಾದೀತು. ಇಂಗ್ಲಿಷ್ ಬೇಡ ಎನ್ನುವುದಿಲ್ಲ. ಅದರ ಪಕ್ಕದಲ್ಲಿ ಇದೂ ಇರಲಿ.

ಯಾರು ಯಾವುದನ್ನು ಓದಬೇಕು ಎಂದರೆ: ಹೊಸತಾಗಿ ಓದಲು ಸುರು ಮಾಡುವವರು ‘ಚಂದ್ರಗಿರಿಯ ತೀರದಲ್ಲಿ’ಯಿಂದ ತೊಡಗಲಿ, ಎರಡು ದಿನದಲ್ಲಿ ಮುಗಿಯುತ್ತದೆ. ಮಗಳ ಮದುವೆಯ ಮಾತು ನಡೆಸುತ್ತಿರುವ ಅಪ್ಪಂದಿರು ಅದನ್ನು ಮೊದಲು ಓದಲಿ. ಜಾಗದ ಕಾಗದ ಕೈಯಲ್ಲಿ ಇರುವವರು ‘ಚೋಮನ ದುಡಿ’ ಓದಲಿ, ಇಲ್ಲದವರು ಕೂಡ. ತೋಟಕ್ಕೆ ಮದ್ದು ಬಿಡುವ ನಾವೆಲ್ಲ ‘ಎಣ್ಮಕಜೆ’ ಓದಬೇಕು. ಮಲಯಾಳ ಬಾರದವರಿಗೆ ಮಕ್ಕಳು ಓದಿ ಹೇಳಲಿ, ಶಾಲೆಯಲ್ಲಿ ಕಲಿತದ್ದು ಮನೆಗೆ ಪ್ರಯೋಜನವಾಗಲಿ. ಕಣ್ಣು ಮಂಜಾದ ಹಿರಿಯರಿಗಾಗಿ ವಾಚನಾಲಯದಲ್ಲಿ ವಾರಕ್ಕೊಂದು ಸಂಜೆ ಒಬ್ಬರು ಗಟ್ಟಿಯಾಗಿ ಓದುವ ಕ್ರಮ ಇಟ್ಟರೆ ನಾನು ಸರದಿಗೆ ಬರುತ್ತೇನೆ. ಪುಸ್ತಕ ಒಯ್ದವರು ಹದಿನೈದು ದಿನದಲ್ಲಿ ತಂದು ಕೊಡಿ. ಚೋಮ ಒಬ್ಬನೇ ಉಂಟು, ಕೇಳುವವರು ಹಲವರು.