ಒಂದು ‘ಮತ್ತು’ವಿನ ಬೆಲೆ

ಅರ್ಧ ಮಾತ್ರೆ ಉಳಿದರೆ ವೈಯಾಕರಣನಿಗೆ ಮಗ ಹುಟ್ಟಿದಷ್ಟು ಸಂತೋಷವಂತೆ. ಈ ಮಾತನ್ನು ತರಗತಿಯಲ್ಲಿ ಹೇಳಿದರೆ ನಮ್ಮ ಮಂಡ್ಯದ ಹುಡುಗರು ನಗುತ್ತಾರೆ. ವ್ಯಾಕರಣವೆಂಬುದು ಅಂಕ ಗಳಿಸುವುದಕ್ಕಷ್ಟೇ ಎಂದು ಅವರ ಎಣಿಕೆ. ಆದಕಾರಣ ಈಚೆಗೆ ನಾನು ಅವರ ಮುಂದಿಡುತ್ತಿರುವುದು ಹಳಗನ್ನಡದ ಪದ್ಯವನ್ನಲ್ಲ, ಪರಮಾಣು ಹಾನಿಯ ಹೊಣೆಗಾರಿಕೆಯನ್ನು ಕುರಿತ ೨೦೧೦ರ ಕಾಯಿದೆಯ ೧೭ನೆಯ ಕಲಮನ್ನು. ಶಾಸನದ ಗದ್ಯವೂ ಗದ್ಯವೇ. ವಿಮರ್ಶಕನು ಅದನ್ನೇಕೆ ಬಿಡಬೇಕು?

೨೦೦೮ರಲ್ಲಿ ಅಮೆರಿಕದೊಡನೆ ಅಣುಶಕ್ತಿಯ ಒಪ್ಪಂದವಾಯಿತು. ಅಲ್ಲಿ ೧೯೫೪ರ ಕಾಯಿದೆಯ ಪ್ರಕಾರ ಒಪ್ಪಂದದ ಪಾಠವೇ ಕಾಂಗ್ರೆಸ್ಸಿನ ಮುಂದೆ ಬರಬೇಕು. ಬಂದಿತು, ಕೆಳಮನೆಯಲ್ಲಿ ೨೯೮ಕ್ಕೆ ೧೧೭, ಸೆನೆಟ್ಟಿನಲ್ಲಿ ೮೬ಕ್ಕೆ ೧೩. ನಮ್ಮಲ್ಲಿ ಪರದೇಶದ ಒಪ್ಪಂದಗಳಿಗೆ ಸಂಸತ್ತಿನ ಒಪ್ಪಿಗೆ ಬೇಕಿಲ್ಲ. ಜುಲೈ ೨೨ರಂದು ೨೭೫ಕ್ಕೆ ೨೫೬ ಮತಗಳಿಂದ ಗೆದ್ದದ್ದು ಮಂತ್ರಿಮಂಡಲ. ಒಪ್ಪಂದದ ಮೇಲೆ ಮತ ಬೀಳಲೇ ಇಲ್ಲ. ಸದಸ್ಯರ ಕೈಗೆ ಅಕ್ಷರ ಸಿಕ್ಕಿದ್ದು ಎರಡು ವರ್ಷದ ಅನಂತರ, ಈ ಹೊಣೆಗಾರಿಕೆಯ ಮಸೂದೆಯಲ್ಲಿ.

ಅಪಘಾತವಾದರೆ ಪರಿಹಾರ ಕೊಡತಕ್ಕವನು ಸ್ಥಾವರ ನಡೆಸುವವನು, ೧,೫೦೦ ಕೋಟಿ ರೂಪಾಯಿಯವರೆಗೆ. ಕೊಟ್ಟ ಮೇಲೆ ಯಂತ್ರ ಮಾರಿದವನಿಂದ ಅದನ್ನು ಯಾವಾಗ ವಸೂಲು ಮಾಡಬಹುದು? ಕರಾರಿನಲ್ಲಿ ಬರೆದಿದ್ದರೆ ಎಂಬುದು ಒಂದು ಷರತ್ತು. ಮಾಲಿನಲ್ಲಿ ಕಾಣುವ ಅಥವಾ ಕಾಣದ ದೋಷವಿದ್ದರೆ ಎಂಬುದು ಇನ್ನೊಂದು. ಆಗಸ್ಟ್ ೧೮ರಂದು ಬಂದ ಸ್ಥಾಯೀ ಸಮಿತಿಯ ವರದಿಯಲ್ಲಿ ಈ ಎರಡರ ನಡುವೆ ಒಂದು ‘ಮತ್ತು’ ಬಂದು ಕುಳಿತಿತ್ತು. ಎಂದರೆ, ಯಂತ್ರ ಎಷ್ಟೇ ಹುಳುಕಾಗಿರಲಿ, ಕರಾರಿನಲ್ಲಿ ಬರೆದಿರದಿದ್ದರೆ ಮಾರಿದವನು ಪಾರು! ಭಾರತೀಯ ಜನತಾ ಪಕ್ಷದವರೂ ಎಡಪಕ್ಷದವರೂ ಕೂಗೆಬ್ಬಿಸಿದರು, ‘ಮತ್ತು’ ಹೋಯಿತು. ಒಡನೆಯೇ ‘ಉದ್ದೇಶಪೂರ್ವಕ’ ಎಂಬ ಅರ್ಥದ ಮಾತೊಂದು ನುಸುಳಿತು. ಹುಳುಕು ಯಂತ್ರವನ್ನು ಉದ್ದೇಶಪೂರ್ವಕವಾಗಿ ಅಪಘಾತಕ್ಕೆಂದೇ ಮಾರುವವನುಂಟೆ? ಅದೂ ಹೋಯಿತು. ೨೫ರಂದು ಲೋಕಸಭೆ ಅಂಗೀಕರಿಸಿತು. ಆ ಒಂದು ವಾರ ನಮ್ಮ ಸದಸ್ಯರು ವಾಕ್ಯವನ್ನು ನಿಜವಾಗಿ ಓದಿದರು. ಜಾತ್ರೆಯಲ್ಲಿ ಎತ್ತು ಕೊಳ್ಳುವ ಮದ್ದೂರಿನ ಕಡೆಯ ರೈತ ಹಲ್ಲು ನೋಡಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ ನೋಡುವುದಿಲ್ಲವೆ, ಹಾಗೆ.

ಪರದೇಶದ ಯಂತ್ರವೆಂದರೆ ಈ ಸೀಮೆಗೆ ಹೊಸತಲ್ಲ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ೧೯೦೨ರಲ್ಲಿ ವಿದ್ಯುತ್ತು ಹುಟ್ಟಿದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್, ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪೆನಿಗಳ ಯಂತ್ರಗಳಿಂದ. ಮೊದಲು ಅದು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಮೈಸೂರಿನ ಪ್ರಜಾಪ್ರತಿನಿಧಿ ಸಭೆ ೧೮೮೧ರಿಂದಲೂ ಇತ್ತು; ಆದರೆ ಆಗ ಅದಕ್ಕೆ ಬಿನ್ನವಿಸಿಕೊಳ್ಳುವ ಅಧಿಕಾರವಿತ್ತೇ ಹೊರತು ತಡೆಯುವ ಅಧಿಕಾರವಿರಲಿಲ್ಲ. ನೀರಿನ ಯಂತ್ರ ಕೆಟ್ಟರೆ ದೀಪ ಆರುತ್ತದೆ, ಅಷ್ಟೆ. ಅಣುವಿನ ಮಾತು ಬೇರೆ.

ಈಗ ಆ ೧೭ನೆಯ ಕಲಮೂ ಇಲ್ಲ. ೨೦೨೫ರ ಡಿಸೆಂಬರ್ ೧೫ರಂದು ಹೊಸ ಮಸೂದೆ ಬಂದಿತು. ೧೮ರ ಹೊತ್ತಿಗೆ ಎರಡು ಸದನಗಳೂ ಮುಗಿಸಿದ್ದವು. ಸಮಿತಿಗೆ ಕಳುಹಿಸಿರೆಂದು ವಿರೋಧ ಪಕ್ಷಗಳು ಕೇಳಿದವು, ಕಳುಹಿಸಲಿಲ್ಲ. ದೋಷದ ಮಾಲಿನ ಮಾತು ಅದರಲ್ಲಿ ಬಿಟ್ಟುಹೋಗಿದೆ. ಆ ಮಾತಿದ್ದುದರಿಂದಲೇ ಅಮೆರಿಕದ, ಫ್ರಾನ್ಸಿನ ಒಂದು ರಿಯಾಕ್ಟರೂ ಬರಲಿಲ್ಲವೆಂಬ ವಾದ ಪೊಳ್ಳಲ್ಲ, ಒಪ್ಪುತ್ತೇನೆ. ಆದರೆ ಒಂದು ‘ಮತ್ತು’ವಿಗಾಗಿ ವಾರ ಜಗಳವಾಡಿದ ಸಂಸತ್ತು ಇಡೀ ವಾಕ್ಯವನ್ನು ನಾಲ್ಕು ದಿನದಲ್ಲಿ ಬಿಟ್ಟುಕೊಟ್ಟಿತಲ್ಲ! ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಕಾಯಿದೆಗೆ ‘ಶಾಂತಿ’ ಎಂದಿದ್ದಾರೆ. ಪದಬಂಧದ ಅಭ್ಯಾಸವಿರುವವರಿಗೆ ಮೆಚ್ಚಿಗೆಯಾದೀತು.

ಮೂಲ ಮಸೂದೆ, ಸಮಿತಿಯದು, ಮಂತ್ರಿಮಂಡಲದ ತಿದ್ದುಪಡಿ, ೨೦೧೦ರ ಕಾಯಿದೆ, ೨೦೨೫ರದು—ಈ ಐದು ಪಾಠಾಂತರಗಳನ್ನು ಪಕ್ಕಪಕ್ಕದಲ್ಲಿಟ್ಟು ನಮ್ಮ ಹುಡುಗರು ಕನ್ನಡಿಸುತ್ತಿದ್ದಾರೆ. ‘ಸಪ್ಲೈಯರ್’ಗೆ ‘ಸರಬರಾಜುದಾರ’ ಎನ್ನಬೇಕೆ, ‘ಮಾರಿದವನು’ ಎನ್ನಬೇಕೆ ಎಂಬಲ್ಲಿ ಕೆಲಸ ನಿಂತಿದೆ. ನಾನು ಎರಡನೆಯದರ ಪಕ್ಷ.