ಸೂಜಿ ಹೋಗುವ ದಾರಿ

ಸಿಟಿ ಯಂತ್ರದ ಮೇಜಿನ ಮೇಲೆ ರೋಗಿ ಬೋರಲು ಮಲಗಿದ್ದಾರೆ. ಬೆನ್ನಿಗೆ ಗೆರೆಗೆರೆಯ ಪಟ್ಟಿ ಅಂಟಿಸಿದೆ. ಮೈಕಿನಲ್ಲಿ ದನಿ: ‘ಉಸಿರು ಹಿಡೀರಿ, ಅಲ್ಲಾಡಬೇಡಿ.’ ಶ್ವಾಸಕೋಶದ ಬಯಾಪ್ಸಿಗೆ ಮುಂಚೆ ಸಹಿ ಹಾಕಿಸಿಕೊಳ್ಳುವ ಒಪ್ಪಿಗೆ ಪತ್ರದಲ್ಲಿ ‘ಶ್ವಾಸಕೋಶ ಕುಸಿಯುವ ಸಂಭವವಿದೆ’ ಎಂದಿರುತ್ತದೆ. ಸುಳ್ಳೇನಲ್ಲ, ಆದರೆ ಅರ್ಧ ಮಾತು.

ಸೂಜಿ ಶ್ವಾಸಕೋಶದ ಹೊದಿಕೆಯಾದ ಪ್ಲೂರಾವನ್ನು ತೂತು ಮಾಡಿದಾಗ ಗಾಳಿ ಸೋರಿ ಎದೆಗೂಡಿನಲ್ಲಿ ತುಂಬಿಕೊಂಡರೆ ಶ್ವಾಸಕೋಶ ಮುದುಡುತ್ತದೆ. ಅಮೆರಿಕದ ನಾಲ್ಕು ರಾಜ್ಯಗಳ 15,865 ರೋಗಿಗಳ ದಾಖಲೆ ಜಾಲಾಡಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ 15ರಷ್ಟು ಮಂದಿಗೆ ಹೀಗಾಗಿತ್ತು. ಎದೆಗೆ ನಳಿಕೆ ಹಾಕಬೇಕಾಗಿ ಬಂದದ್ದು ಒಟ್ಟು ರೋಗಿಗಳಲ್ಲಿ ಶೇ 6.6 ಮಂದಿಗೆ. ಶ್ವಾಸಕೋಶ ಮುದುಡಿದ ಉಳಿದವರಿಗೆ ನಳಿಕೆ ಬೇಕಾಗಲಿಲ್ಲ.

ಯಾರಿಗೆ ಅಪಾಯ ಹೆಚ್ಚು ಎಂದು ಕೇಳಿದರೆ ಮೊದಲು ಬರುವ ಉತ್ತರ ಎಂಫಿಸೀಮಾ. ಬೀಡಿಯಿಂದಲೋ ಸೌದೆ ಒಲೆಯ ಹೊಗೆಯಿಂದಲೋ ಸವೆದು ಹಿಗ್ಗಿದ ಶ್ವಾಸಕೋಶದಲ್ಲಿ ತೂತು ಬೇಗ ಮುಚ್ಚದು. ತುಣುಕು ತೆಗೆಯಬೇಕಾದ ಗಂಟು ಚಿಕ್ಕದಾಗಿ ಆಳದಲ್ಲಿದ್ದರೂ ಕಷ್ಟವೇ. ಇವೆಲ್ಲ ರೋಗಿ ಹೊತ್ತು ತಂದವು. ವೈದ್ಯರ ಕೈಯಲ್ಲಿರುವುದು? ಪ್ಲೂರಾವನ್ನು ಎಷ್ಟು ಸಲ ಚುಚ್ಚುತ್ತಾರೆ, ಯಾವ ದಾರಿ ಹಿಡಿಯುತ್ತಾರೆ ಎಂಬುದು. ಹತ್ತಿರದ ದಾರಿ ಎಂದು ಎರಡು ಹಾಲೆಗಳ ನಡುವಿನ ಸೀಳನ್ನು ದಾಟಿದರೆ ಪ್ಲೂರಾದ ಇನ್ನೂ ಎರಡು ಪದರ ತೂತಾಗುತ್ತವೆ. ಸುತ್ತುದಾರಿಯೇ ಅಲ್ಲಿ ಮೇಲು. ಕೋಆಕ್ಸಿಯಲ್ ಸೂಜಿಯಾದರೆ ಹೊರಗಿನ ಕೊಳವೆ ಒಮ್ಮೆ ಒಳಹೊಕ್ಕರೆ ಸಾಕು, ಅದರೊಳಗಿಂದಲೇ ನಾಲ್ಕಾರು ತುಣುಕು ತೆಗೆಯಬಹುದು. ಒಪ್ಪಿಗೆ ಪತ್ರದಲ್ಲಿ ಇದರ ಸುಳಿವೇ ಇರುವುದಿಲ್ಲ. ಓದಿದವರಿಗೆ, ಕುಸಿದರೆ ತಪ್ಪೆಲ್ಲ ತಮ್ಮ ಶ್ವಾಸಕೋಶದ್ದೇ ಅನಿಸಬೇಕು!

ಹಾಗೆಂದು ಕುಸಿತದ ಲೆಕ್ಕವೊಂದನ್ನೇ ಹಿಡಿದು ವೈದ್ಯರನ್ನು ಅಳೆಯುವುದೂ ಸಲ್ಲದು. ಅಪಾಯಕ್ಕೆ ಅಂಜಿ ಸಣ್ಣ ಸೂಜಿಯಲ್ಲಿ ಚೂರು ಕೋಶ ಹೀರಿ ಮುಗಿಸಿದರೆ ರೋಗಿ ಅಂದು ಸಲೀಸಾಗಿ ಮನೆಗೆ ಹೋಗಬಹುದು. ಆದರೆ ಈಗ ಕ್ಯಾನ್ಸರ್ ಹೌದೋ ಅಲ್ಲವೋ ಎಂದು ತಿಳಿದರಷ್ಟೇ ಸಾಲದು, ಇಜಿಎಫ್ಆರ್‌ನಂಥ ಜೀನ್ ಪರೀಕ್ಷೆಗೂ ತುಣುಕು ಬೇಕು. ಸಾಲದೆ ಬಂದರೆ ಮತ್ತೆ ಅದೇ ಮೇಜು, ಇನ್ನೊಂದು ತೂತು.

ಸೂಜಿ ಹೊರಬಂದ ಮೇಲಿನ ಆರೈಕೆಗೆ ದುಡ್ಡೇ ಬೇಡ. ಚುಚ್ಚಿದ ಕಡೆ ಕೆಳಗಾಗುವಂತೆ ಕೂಡಲೇ ಹೊರಳಿಸಿ ಮಲಗಿಸಿದರೆ ಮೈಭಾರಕ್ಕೆ ಆ ಭಾಗ ಒತ್ತಿಕೊಂಡು ಸೋರಿಕೆ ತಗ್ಗುತ್ತದೆ. ವಾರ್ಡಿನಲ್ಲಿ ನಡೆಯುವುದೇ ಬೇರೆ. ಎಕ್ಸ್-ರೇ ತೆಗೆಯುವ ಮೊದಲೇ ಮನೆಯವರು ‘ಸ್ವಲ್ಪ ಎದ್ದು ಕೂತ್ಕೊಳ್ಳಿ, ಕಾಫಿ ಕುಡೀರಿ’ ಎಂದು ಎಬ್ಬಿಸಿರುತ್ತಾರೆ. ಎಬ್ಬಿಸಬಾರದೆಂದು ಅವರಿಗೆ ಯಾರೂ ಹೇಳಿರುವುದಿಲ್ಲ.